ಬೆಳಕಿನ ಪರೀಕ್ಷೆ

ಕೂಡ್ಲೂರಿನ ಕ್ಯೂರಿಂಗ್ ಗೇಟಿಗೆ ಇದಿನಬ್ಬನ ಲಾರಿ ಬಂದು
ಒಂದು ದೀರ್ಘ ಉಸಿರು ಬಿಡುತ್ತದೆ.
ಬೆನ್ನ ಮೇಲೆ ಇಪ್ಪತ್ತಡಿಯ ಖಾಲಿ ಪೆಟ್ಟಿಗೆ,
ಒಂದು ಕಾಲಕ್ಕೆ ನೀಲಿ. ಮೂಲೆಗಳಲ್ಲಿ ಉಪ್ಪು,
ರವಿಕೆಯ ಬೆನ್ನಲ್ಲಿ ಬೆವರು ಒಣಗಿದ ಹಾಗೆ.

ಮೊದಲು ಮೂಗು.
ಬಾಗಿಲು ತೆರೆದ ಕೂಡಲೆ ತಲೆ ತೂರಿಸಿ ಒಂದೇ ಎಳೆತ.
ಎರಡನೆಯ ಸಲಕ್ಕೆ ಮೂಗು ಒಪ್ಪಿಕೊಂಡುಬಿಡುತ್ತದೆ.
ಹೋದ ವಾರದ್ದು ಬೆಳ್ಳುಳ್ಳಿ ಹೊತ್ತು ಬಂದಿತ್ತು,
ಅದರ ಹಿಂದಿನದು ಟಯರು.
ಕಾಫಿಬೀಜಕ್ಕೆ ಮುಜುಗರವಿಲ್ಲ,
ಪಕ್ಕದಲ್ಲಿ ಯಾರು ಕೂತರೂ ಅವರ ವಾಸನೆ ಉಟ್ಟುಕೊಳ್ಳುತ್ತದೆ.
ಇವತ್ತಿನದು ಪರವಾಗಿಲ್ಲ: ಹಳೆ ಮರ, ತುಕ್ಕು,
ಯಾವುದೋ ಊರಿನ ಧೂಳು.

ಆಮೇಲೆ ನಾನು ಒಳಗೆ ಹೋಗಿ “ಹಾಕು” ಅನ್ನುತ್ತೇನೆ.
ರಹಿಮುದ್ದೀನ್ ಹೊರಗಿನಿಂದ ಎರಡೂ ಬಾಗಿಲು ದೂಡಿ
ಸರಳು ತಿರುಗಿಸುತ್ತಾನೆ.

ಇದಕ್ಕೂ ಸಂಬಳ ಕೊಡುತ್ತಾರೆ ಅಂದಾಗ ನಮ್ಮವ್ವ ನಂಬಲಿಲ್ಲ:
ಕತ್ತಲಲ್ಲಿ ನಿಂತು ಬೆಳಕು ಹುಡುಕುವುದು,
ಸಿಕ್ಕರೆ ಬೇಡ ಅನ್ನುವುದು.

ಸೂಜಿಮೊನೆಯಷ್ಟು ತೂತು ಸಾಕವ್ವ, ಅಂದೆ.
ಮೂವತ್ತು ದಿನ ನೀರಿನ ಮೇಲೆ,
ಮುನ್ನೂರ ಇಪ್ಪತ್ತು ಚೀಲ ರೊಬಸ್ಟಾ.
ಆ ತುದಿಯಲ್ಲಿ ಬಾಗಿಲು ತೆರೆದವನಿಗೆ ಬೂಷ್ಟು ಕಂಡರೆ
ಅವನು ಕಡಲನ್ನು ಬೈಯುವುದಿಲ್ಲ.

ಮೊದಲು ನಾನು ಬೀಜ ಹೆಕ್ಕುವ ಸಾಲಿನಲ್ಲಿದ್ದೆ,
ಪಾಪಾತಿಯ ಎಡಕ್ಕೆ. ಕಪ್ಪು, ಒಡಕು, ಹುಳ ಕೊರೆದದ್ದು.
ಬಣ್ಣ ನೋಡುವ ಯಂತ್ರ ಬಂತು,
ಮೂವತ್ತೆಂಟು ಹೆಂಗಸರು ಬುತ್ತಿಡಬ್ಬಿ ಎತ್ತಿಕೊಂಡು ಹೋದರು.
“ನಿನ್ನ ಕಣ್ಣು ಚುರುಕು” ಎಂದು ಬೆಳ್ಯಪ್ಪನವರು
ನನ್ನನ್ನು ಮಾತ್ರ ಇಲ್ಲಿ ನಿಲ್ಲಿಸಿದರು,
ಕಣ್ಣಿಗೆ ಏನೂ ಕಾಣದ ಜಾಗದಲ್ಲಿ.

ಕಡಲು ನೋಡಿದ್ದೀರಾ ಅಕ್ಕ, ಎಂದು ಇದಿನಬ್ಬ ಒಮ್ಮೆ ಕೇಳಿದ್ದ.
ನೋಡಿದ್ದೇನೆ, ಪಣಂಬೂರಿನಲ್ಲಿ.
ಚುರುಮುರಿ ತಿಂದೆ. ಚಪ್ಪಲಿಯೊಳಗೆ ಮರಳು. ಅಷ್ಟೆ.

ಇವತ್ತು ಕಣ್ಣು ಕತ್ತಲಿಗೆ ಹದವಾಗುವಷ್ಟರಲ್ಲಿ
ಬಲಗೋಡೆಯಲ್ಲಿ, ಮೊಣಕಾಲೆತ್ತರಕ್ಕೆ, ಒಂದು ಚುಕ್ಕಿ.
ಒಂಬತ್ತರ ಬಿಸಿಲು ಅದರೊಳಗೆ ತೂರಿ
ಎದುರಿನ ತಗಡಿನ ಮೇಲೆ ಮಸುಕಾಗಿ ಹರಡಿತ್ತು.
ತಗಡು ತೊಳೆಯದ್ದು ಅಂದುಕೊಂಡೆ.
ಹತ್ತಿರ ಹೋದರೆ
ಗೋಡೌನು ತಲೆಕೆಳಗಾಗಿ ತೂಗುತ್ತಿದೆ.
ಆಕಾಶ ಕೆಳಗೆ, ನನ್ನ ಕಾಲ ಬಳಿ.
ಅಂಗಳವನ್ನು ಹಿಡಿದುಕೊಂಡು, ಬಾವಲಿಯ ಹಾಗೆ,
ಇದಿನಬ್ಬ ಕಿತ್ತಳೆ ಸುಲಿಯುತ್ತಿದ್ದಾನೆ.
ಸಿಪ್ಪೆ ಮೇಲಕ್ಕೆ ಬೀಳುತ್ತದೆ.
ಯಾರೋ ಹೆಂಗಸು ತಲೆಯ ಮೇಲೆ ನಡೆದು ಹೋದಳು,
ನಡಿಗೆ ಪಾಪಾತಿಯದೇ. ಅವಳಾಗಿರಲಾರಳು.
ತಗಡಿನ ಏರುತಗ್ಗುಗಳಲ್ಲಿ ಎಲ್ಲರೂ
ಸ್ವಲ್ಪ ಸ್ವಲ್ಪ ಮುರಿದು ಮತ್ತೆ ಸೇರುತ್ತಿದ್ದರು.

ಹೊರಗಿಂದ ಗುದ್ದಿದ ಸದ್ದು. “ದೀದೀ? ಆಯ್ತಾ?”
ಇನ್ನೊಂದು ನಿಮಿಷ, ಅಂದೆ.
ಒಂದಲ್ಲ, ಮೂರು.
ನಾನು ಬೆರಳಿಟ್ಟೆ, ಎಲ್ಲ ಆರಿತು.
ತೆಗೆದೆ, ಎಲ್ಲ ತಿರುಗಿ ಬಂತು,
ಅವನು ಈಗ ತೊಳೆ ಬಾಯಿಗಿಡುತ್ತಿದ್ದ.

ಇಡೀ ರಾತ್ರಿ ಘಟ್ಟ ಹತ್ತಿ ಬಂದವನು.
ಬೇಡ ಅಂದರೆ ಖಾಲಿ ಇಳಿಯಬೇಕು,
ಖಾಲಿ ಇಳಿದರೆ ಡೀಸೆಲ್ಲಿಗೆ ಸರಿ, ಮನೆಗೆ ಏನೂ ಇಲ್ಲ.

ತೂತಿನ ಸುತ್ತ ಸೀಮೆಸುಣ್ಣದಲ್ಲಿ ಸೊನ್ನೆ ಬರೆದೆ.

“ಒಂಚೂರು ಎಂ-ಸೀಲ್ ಮೆತ್ತಿದ್ರೆ ಆಗುದಿಲ್ವಾ ಅಕ್ಕ?”
ಆಗುವುದಿಲ್ಲ ಇದಿನಬ್ಬ.
ಅವನು ಜಗಳ ಮಾಡಲಿಲ್ಲ,
ಉಳಿದ ಅರ್ಧ ಕಿತ್ತಳೆ ನನ್ನ ಕೈಗಿಟ್ಟು ಹತ್ತಿ ಕೂತ.
ಅದೇ ಹೆಚ್ಚು ಕಷ್ಟವಾಯಿತು.

ರಿಜಿಸ್ಟರಿನಲ್ಲಿ ಕಾರಣ ಎಂಬ ಕಾಲಮ್ಮು ಇದೆ.
ಬೆಳಕು, ಎಂದು ಬರೆದೆ.

ಮಧ್ಯಾಹ್ನ ಬೇರೆಯದು ಬಂತು, ಕೆಂಪು, ಹೊಸದು.
ಒಳಗೆ ಎಷ್ಟು ಹೊತ್ತು ನಿಂತರೂ ನನ್ನ ಕೈ ನನಗೆ ಕಾಣಲಿಲ್ಲ.
ಸರಿಯಿದೆ, ತುಂಬಿ, ಅಂದೆ.
ಕಂದು ಕಾಗದ ಹಾಸಿದರು, ಚೀಲ ಒಟ್ಟಿದರು,
ಸೀಲು ಟಕ್ಕೆಂದು ಕೂತಿತು. ಅದರ ನಂಬರು ಬರೆದುಕೊಂಡೆ,
ಟ್ರಿಯೆಸ್ಟೆ ಎಂಬ ಊರಿನ ಎದುರಿಗೆ,
ಕಿತ್ತಳೆ ವಾಸನೆಯ ಬೆರಳಲ್ಲಿ.