ಸೀಟಿನ ಹಿಂದಿನ ಪೆಟಗಿ

ತಳದಾಗ ಗೋಣಿತಾಟು, ನಾಕು ಮಡಿಕಿ.
ಮ್ಯಾಲೆ ಗೇರೆಣ್ಣಿ ಕ್ಯಾನು, ನೆಟ್ಟಗ,
ಮುಚ್ಚಳದ ಬಾಯಿಗೆ ಹಳೆ ಟ್ಯೂಬಿನ ತುಣುಕು ಬಿಗಿದು.
ಎಂಜಿನ್ ಎಣ್ಣಿ ಎರಡು ಲೀಟರ್. ಬ್ಯಾಟರಿ ನೀರು.
ಬ್ರೇಕೆಣ್ಣಿ ಮಾತ್ರ ಸಣ್ಣ ಬಾಟ್ಲಿ, ಸೀಲು ಒಡೀದಿದ್ದದ್ದು.
"ಒಮ್ಮೆ ಬಾಯಿ ತಗದ್ರ ಗಾಳ್ಯಾಗಿನ ನೀರು ಕುಡೀತೈತಿ ಅದು.
ಇಳಕಲದಾಗ ಕಾಲು ಒತ್ತತಿ, ಕೈ ಕೊಡತೈತಿ.
ಅರ್ಧಾ ಉಳಿದದ್ದು ನಂಬಬ್ಯಾಡ"
ಅಂತಿದ್ದ ಲಾಡಸಾಬ ಮೇಸ್ತ್ರಿ,
ಮುಳಗುಂದ ನಾಕಾದ ತಗಡಿನ ಶೆಡ್ಡಿನ್ಯಾಗ,
ಅರ್ಧಾ ಬೀಡಿ ಕಿವಿ ಮ್ಯಾಲಿಟಗೊಂಡು.

ಅಕ್ಷರ ಬರತಿದ್ದಿಲ್ಲ ಅವಗ. ದಾರ ಕಟ್ಟತಿದ್ದ.
ಒಂದು ಗಂಟು ಬ್ರೇಕು,
ಎರಡು ಗೇರು,
ಮೂರು ಸ್ಟೇರಿಂಗು.
ಕತ್ತಲಾಗ ಬೆರಳು ಓದಬೇಕು, ಅಂತಿದ್ದ.
ಕುಡಿಯೋ ನೀರಿಗೆ ಗಂಟಿಲ್ಲ, ಅದು ಎಲ್ಲಾರದು.
ಕೂಲಂಟಿಗೂ ಕಟ್ಟಿದ್ದಿಲ್ಲ.
ಹಸರು ಇತ್ತಲ್ಲ, ತಾನಾ ಕಾಣತಿತ್ತು.

ಡೋಣಿ ದಾಟಿ ಗುಡ್ಡ ಏರೋ ದಾರಿ.
ದಾರಿ ಅನ್ನೂದು ಬರೇ ಮರ್ಯಾದಿಗೆ.
ಕೆಂಪ ಗರಸು, ಹರಕ ಕಲ್ಲು, ಬಾದಿ ಹುಲ್ಲು.
ನಾಕೂ ಗಾಲಿ ಎಳೆಯೋ ಹಳೆ ಮಿಲಿಟ್ರಿ ಗಾಡಿ,
ಹಿಂದ ಗಾಳಿಪಂಕಾ ರಿಪೇರಿ ಹುಡುಗರು ಮೂರು ಮಂದಿ,
ಅವರ ಹಗ್ಗ, ಅವರ ಬುತ್ತಿ, ಅವರ ಮೊಬೈಲಿನ ಹಾಡು.
ಏಳು ವರ್ಷದಾಗ ಈ ಪೆಟಗಿ
ನನಗಿಂತ ಮಂದಿಗೇ ಹೆಚ್ಚು ಬಿಚ್ಚೇತಿ:
ಡಂಬಳದ ಬೀಗರ ಟೆಂಪೋ, ಫಾರೆಸ್ಟಿನವರ ಜೀಪು,
ಹೆಸರು ಹೇಳದ ಒಬ್ಬ ಟ್ರ್ಯಾಕ್ಟರಿನವ, ತಿರುಗಿ ಬರಲೇ ಇಲ್ಲ.
ಇರಲಿ. ಅದಕ್ಕ ಅಂತನ ಹೊರೂದು.

ಮೂವತ್ತೊಂದನೇ ಕಂಬದ ಹತ್ರ ಹೋಸು ಸೀಳಿತು.
ಹಸರು ಎಲ್ಲಾ ಗಾಲಿಗುಂಡ್ಯಾಗ ಹರದು ನಿಂತಿತು.
ನಾ ಹೋಸು ಬದಲಿಸಿದೆ, ಕ್ಲಾಂಪು ಬಿಗಿದೆ,
ಪೆಟಗಿ ಬಿಚ್ಚಿ ಹೊಸಾದು ಸುರುವಿದೆ,
ಕೈ ಒರಸಗೊಂಡೆ.
ಹುಡುಗರು ಚಪ್ಪಾಳಿ ಹೊಡದರು.
ಗುಂಡಿ ಕಡೆ ತಿರುಗಿ ನೋಡಲಿಲ್ಲ.

ನಾಕನೇ ದಿನ ಮಾಳಿಂಗಪ್ಪ ಗಾಡಿಗೆ ಅಡ್ಡ ನಿಂತ,
ಕುರಿ ಎಲ್ಲಾ ದೂರ ಬಿಟ್ಟು.
"ನಮ್ಮ ಬೂದಿ ಸತ್ತಿತು" ಅಂದ.
ನಾಯಿ. ನನ್ನ ಗಾಡಿ ಸಪ್ಪಳ ಗುರುತಿತ್ತು ಅದಕ್ಕ,
ಬೊಗಳತಿದ್ದಿಲ್ಲ.
"ಮೊದಲು ಕುಡದವರಂಗ ತೂರ್ಯಾಡಿತು. ನಕ್ಕಿವಿ.
ಆಮ್ಯಾಲೆ ಉಚ್ಚಿ ಕಟ್ಟಿತು.
ಏನ ಚೆಲ್ಲಿದ್ಯೋ ತಮ್ಮ ಅಲ್ಲಿ?"

ಕ್ಯಾನು ಇಳಿಸಿ ಕೊಟ್ಟೆ. ಮೂಸಿ ನೋಡಿದ.
"ಇದಕ್ಕ ವಾಸನಿನ ಇಲ್ಲ. ಯಾಕ ನೆಕ್ಕಿತು?"
ಯಾಕೋ ಗೊತ್ತಿಲ್ಲ, ಬೆರಳ ತುದಿ ಅದ್ದಿ
ನಾಲಿಗಿಗೆ ಹಚಗೊಂಡೆ.

ಸಿಹಿ.

ಉಗುಳಿದೆ. ಮತ್ತ ಉಗುಳಿದೆ.
ಹೋಗವಲ್ದು.
ಮಾಳಿಂಗಪ್ಪ ಹೆಗಲಿನ ಬಾಟ್ಲಿ ತಗದ,
ಸಂಜಿತನಾ ಅವಗ ಅದೊಂದ ನೀರು,
"ಬಾಯಿ ಮುಕ್ಕಳಿಸು" ಅಂದ.
ಮುಗಿಯೂತನಕ ಹಿಡದಾ ನಿಂತ.

ಈಗ ಪೆಟಗ್ಯಾಗ ಒಂದು ಪರಾತ ಐತಿ,
ಹಳೆ ಧೋತರದ ತುಂಡು, ಒಂದು ಚೀಲ ಬೂದಿ.
ಬೂದಿ ಅಂತ ಬಾಯಿಲೆ ಅನ್ನಂಗಿಲ್ಲ ನಾ, ಪುಡಿ ಅಂತೀನಿ.
ಚೆಲ್ಲಿದ್ದನ್ನ ಹಿಡಕೊಂಡು, ಒರಸಿ, ತಿರುಗಿ ಹೊರತೀನಿ,
ಇಳದು ಬರೋ ಮುಂದ ಏರಿದಾಗಿನಷ್ಟಾ ಭಾರ.

ಕೂಲಂಟಿಗೆ ಎಷ್ಟು ಗಂಟು ಹಾಕಲಿ ಅಂತ
ಐತವಾರ ಲಾಡಸಾಬನ ಮನಿಗೆ ಹೋದೆ.
ಕಣ್ಣಿಗೆ ಪೊರೆ, ಆದ್ರೂ ಕ್ಯಾನು ಮುಟ್ಟಿ ಕಂಪನಿ ಹೇಳಿದ.
ನಾಯಿ ಸುದ್ದಿ ಹೇಳಿದೆ.
ಸಿಹಿ ಅಂತನೂ ಹೇಳಿದೆ.
ಬಾಳ ಹೊತ್ತು ಸುಮ್ನ ಕುಂತ.
"ನಲವತ್ತು ವರ್ಷ ಗಟಾರಕ್ಕ ಬಿಟ್ಟೀನಲ್ಲೋ" ಅಂದ.
ಆಮ್ಯಾಲೆ ಬೆರಳ ಮಡಚಾಕ ಹತ್ತಿದ:
ಬೆಟಗೇರಿ ಹೊಂಡದ ಹತ್ರ ಒಮ್ಮೆ,
ಶಿರಹಟ್ಟಿ ದಾರ್ಯಾಗ, ಹುಣಸಿಗಿಡದ ಬುಡಕ,
ಶೆಡ್ಡಿನ ಹಿಂದ ದಿನಾ...

ನಾ ದಾರದ ತುದಿ ಹಿಡದು ಕುಂತಿದ್ದೆ.
ಅವಾ ಇನ್ನೂ ಎಣಸಲಿಕ್ಕೆ ಹತ್ತಿದ್ದ.