ಉಳಿದ ಮೂವತ್ತನಾಲ್ಕು

ಗಾಜನೂರು ದಾಟಿದ ಮೇಲೆ ರಸ್ತೆ ಕೆಟ್ಟಿದೆ.
ಹ್ಯಾಂಡಲ್ ನಡುಗುತ್ತದೆ, ಮೊಣಕೈ ನಡುಗುತ್ತದೆ,
ದವಡೆ ಹಲ್ಲು ಕೂಡ.
ಮಣಿಕಟ್ಟಿನ ಗಡಿಯಾರ ತೋರಿಸಿತು:
ನೂರ ಎಪ್ಪತ್ತೆರಡು.

ಸುಳ್ಳು.
ವಾರ್ಡಿನಲ್ಲಿ ಕಾಣೆಯಾದ ಚಿತ್ರಾನ್ನದ ಡಬ್ಬಿಯ ಕತೆಯನ್ನು
ಇಮ್ತಿಯಾಜನಿಗೆ ಹೇಳುತ್ತ ತುಳಿಯುತ್ತಿದ್ದೆ.
ನೂರ ಎಪ್ಪತ್ತೆರಡರಲ್ಲಿ
ಯಾರ ಬಾಯಲ್ಲೂ ಚಿತ್ರಾನ್ನ ಬರುವುದಿಲ್ಲ.

ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೂರಿ
ಕೊರಳಿಗೆ ಎರಡು ಬೆರಳಿಟ್ಟು ಎಣಿಸಿದೆ.
ಹದಿನೈದು ಸೆಕೆಂಡಿಗೆ ಮೂವತ್ತಮೂರು,
ನಾಲ್ಕರಿಂದ ಗುಣಿಸಿದರೆ ನೂರ ಮೂವತ್ತೆರಡು.
ನಿಂತ ಕೂಡಲೇ ಇಳಿಯುತ್ತದಲ್ಲ, ಅದಕ್ಕೊಂದು ಆರು ಸೇರಿಸು.
ಆಮೇಲೂ ಉಳಿದ ಮೂವತ್ತನಾಲ್ಕು
ಯಾರದ್ದು?

‘ರಸ್ತೇದು ಮೇಡಂ’ ಅಂದ ಇಮ್ತಿಯಾಜ್.
‘ಅದು ನಿಮ್ಮ ನಾಡಿ ನೋಡ್ತಿಲ್ಲ, ಗುಂಡಿ ಎಣಿಸ್ತಿದೆ.’

ಅವನ ಕೈಗೆ ಗಡಿಯಾರವಿಲ್ಲ.
ದುರ್ಗಿಗುಡಿಯ ತನ್ನ ಅಂಗಡಿಯ ಬೋರ್ಡನ್ನು
ಏರಿನಲ್ಲಿ ಒಂದೇ ಉಸಿರಿಗೆ ಓದಿ ಮುಗಿಸಿದರೆ
ಅವನ ಹೃದಯ ಸರಿಯಿದೆ ಎಂದು ಲೆಕ್ಕ.
ನಡುವೆ ಉಸಿರು ಕಟ್ಟಿದರೆ ಗೇರು ಇಳಿಸುತ್ತಾನೆ.

ನಾನು ಇಸಿಜಿ ತೆಗೆಯುವವಳು. ಹದಿನಾಲ್ಕು ವರ್ಷವಾಯಿತು.
ಎದೆಗೆ ಆರು, ಕೈಕಾಲಿಗೆ ನಾಲ್ಕು,
ತಣ್ಣನೆಯ ಜೆಲ್ಲಿಗೆ ಬೆಚ್ಚುವವರಿಗೆ
‘ಅಲ್ಲಾಡಬೇಡಿ’ ಎನ್ನುವುದೇ ನನ್ನ ಕಸುಬು.
ಅಲ್ಲಾಡಿದರೆ ಗೆರೆಗೆ ಹುಚ್ಚು ಹಿಡಿಯುತ್ತದೆ,
ಬರೀ ಒಂದು ಕೆಮ್ಮು
ಹೃದಯದ ವೇಷ ಹಾಕಿಕೊಂಡು ಕಾಗದಕ್ಕೆ ಬರುತ್ತದೆ.
ಇಲ್ಲಿ ಅಲ್ಲಾಡದ್ದು ಯಾವುದಿದೆ?
ಪಾಪ, ಹಸಿರು ದೀಪ ಹಿಡಿದು
ಚರ್ಮದೊಳಗೆ ಇಣುಕುವ ಆ ಪುಟ್ಟ ಯಂತ್ರಕ್ಕೆ
‘ಅಲ್ಲಾಡಬೇಡಿ’ ಎನ್ನಲು ಬಾಯಿಲ್ಲ.

ಸಕ್ರೆಬೈಲಿನ ತಿರುವಿನಲ್ಲಿ ಆನೆಯೊಂದು ರಸ್ತೆಗೇ ಬಂತು.
ಮೇಲೆ ಕೂತ ಮಾವುತ ಜೇಬಿನಲ್ಲಿ ಬೀಡಿ ಹುಡುಕುತ್ತಿದ್ದ.
ನನ್ನ ಎದೆ ಗಂಟಲಿಗೆ ಬಂದು ನಿಂತಿತು.
ಗಡಿಯಾರದಲ್ಲಿ ನೂರ ಹದಿನಾರು.
ಅದಿನ್ನೂ ಹಿಂದಿನ ಇಳಿಜಾರಿನ ತಂಪಿನಲ್ಲೇ ಇತ್ತು.

ಆನೆ ದಾಟಿತು. ನಾವು ನಕ್ಕೆವು.
ಬಾಟಲಿ ತೆಗೆದು ನೀರು ಕುಡಿದೆವು.
ಆಗ ಅದು ಏರತೊಡಗಿತು, ನೂರ ಮೂವತ್ತು,
ನೂರ ನಲವತ್ತೊಂಬತ್ತು,
ಆನೆ ಹೋದ ಮೇಲೆ ‘ಆನೆ, ಆನೆ’ ಎಂದು
ಏದುಸಿರಿನಲ್ಲಿ ಓಡಿಬಂದವನ ಹಾಗೆ.

ಮಂಡಗದ್ದೆಯಲ್ಲಿ ಚಹಾ.
ಪಟ್ಟಿಯನ್ನು ಎಲುಬಿನಿಂದ ಎರಡು ಬೆರಳು ಮೇಲೆ ಸರಿಸಿ
ಬಿಗಿಯಾಗಿ ಕಟ್ಟಬೇಕು, ಗೊತ್ತು.
ಗೊತ್ತಿದ್ದೂ ಕಟ್ಟಿರಲಿಲ್ಲ.
ಅಲ್ಲಿ ಹಚ್ಚೆಯಿದೆ.
ಇಪ್ಪತ್ತಮೂರರಲ್ಲಿ ಹಾಕಿಸಿಕೊಂಡ ಮೂರಕ್ಷರ.
ಆ ಮೂರಕ್ಷರ ಈಗ ಸಾಗರದಲ್ಲಿ
ಬೇರೆ ಸಂಸಾರ ಮಾಡಿಕೊಂಡು ಚೆನ್ನಾಗಿದೆಯಂತೆ.

ಇವತ್ತು ಸರಿಸಿ ನೋಡಿದೆ.
ಬೆಳಕು ಶಾಯಿಗೆ ಮುಗ್ಗರಿಸಿತು.
ಅಂಕಿ ಇರಬೇಕಾದಲ್ಲಿ ಎರಡು ಗೀಟು, ಅಷ್ಟೆ.

ಇಮ್ತಿಯಾಜ್ ನೋಡಿದ. ಕೇಳಲಿಲ್ಲ.
ಬನ್ನನ್ನು ಚಹಾಕ್ಕೆ ಅದ್ದಿ, ಅದು ಮುರಿದು ಬೀಳುವ ಮುಂಚೆ ಬಾಯಿಗಿಟ್ಟು
‘ಬಲಗೈಗೆ ಕಟ್ಟಿ’ ಅಂದ.

ಬಲಗೈಗೆ ಕಟ್ಟಿದೆ. ತೊಂಬತ್ತಾರು.
ಕೊರಳಿಗೆ ಬೆರಳಿಟ್ಟೆ. ಇಪ್ಪತ್ತನಾಲ್ಕು ನಾಲ್ಕಲೆ ತೊಂಬತ್ತಾರು.
ಬೆಂಚಿನ ಮೇಲೆ ಕೂತು ಚಹಾ ಕುಡಿಯುವವಳ ವಿಷಯದಲ್ಲಿ
ಅದು ಸತ್ಯವನ್ನೇ ಹೇಳುತ್ತದೆ.
ನನಗೇಕೋ ಅಳು ಬಂದಂತಾಯಿತು.
ತೊಂಬತ್ತಾರು ತೊಂಬತ್ತಾರಾಗಿಯೇ ಇತ್ತು.

ವಾಪಸ್ಸೂ ಅದೇ ರಸ್ತೆ.
ಅವೇ ಗುಂಡಿಗಳಲ್ಲಿ ಮತ್ತೆ ನೂರ ಅರವತ್ತೆಂಟು,
ಈಗ ಬಲಗೈಯಲ್ಲಿ.
ಕಿತ್ತು ಜೇಬಿಗೆ ಹಾಕೋಣವೆನ್ನಿಸಿತು, ಹಾಕಲಿಲ್ಲ.
ತೋಳು ಮುಚ್ಚಿಕೊಂಡೆ.
ಮುಂದಿನ ಏರಿನಲ್ಲಿ ಇಮ್ತಿಯಾಜನ ಹಿಂದಿನಿಂದ ಗಟ್ಟಿಯಾಗಿ ಶುರುಮಾಡಿದೆ:
‘ಇಮ್ತಿಯಾಜ್ ಸೈಕಲ್ ವರ್ಕ್ಸ್, ದುರ್ಗಿಗುಡಿ,
ಪಂಚರ್, ವೆಲ್ಡಿಂಗ್, ಎಲ್ಲಾ ತರಹದ ರಿಪೇರಿ,
ಹೊಸ ಮತ್ತು ಹಳೇ’

ಅಲ್ಲಿಗೆ ಉಸಿರು ಮುಗಿಯಿತು.
ಗೇರು ಇಳಿಸಿದೆ.