ಒಳಗೆ ಬಿಟ್ಟ ಎರಡಿಂಚು

ಕೌಲ್ ಬಜಾರಿನ ಈ ಶೆಡ್ಡಿನಲ್ಲಿ
ಇಪ್ಪತ್ತಾರು ವರ್ಷದಿಂದ ಜೀನ್ಸ್ ಕತ್ತರಿಸ್ತೀನಿ.
ಕಟಿಂಗ್ ಮಾಸ್ತರ ಹೊನ್ನೂರವಲಿ ಅಂದ್ರೆ
ನಡು ನೋಡಿಯೇ ನಂಬರ್ ಹೇಳ್ತಾನೆ ಅಂತ ಹೆಸರು.
ಮೂವತ್ತು, ಮೂವತ್ತೆರಡು, ಮೂವತ್ತಾರು:
ಬಾಗಿಲಲ್ಲಿ ನಿಂತವನಿಗೆ ಟೇಪು ಬೇಕಿಲ್ಲ.

ನನ್ನ ನಡುವಿಗೇ ಟೇಪು ಹಿಡಿದಿರಲಿಲ್ಲ.
ಮೊಳೆ ಕಾಸಿ ಬೆಲ್ಟಿಗೊಂದು ತೂತು,
ಮತ್ತೊಂದು ತೂತು.
ಸಂಜೆ ನಾಲ್ಕಕ್ಕೆ ಪೇಪರಿನಲ್ಲಿ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ,
ತಳದಾಗೆ ಸಕ್ಕರೆ ಉಳಿಯೋ ಚಾ ದಿನಕ್ಕೆ ಆರು.
ಇಷ್ಟು ಮಷೀನಿನ ಸದ್ದಿನಲ್ಲಿ
ಮೈ ಏನಂತೈತೆ ಅಂತ ಯಾರಿಗೆ ಕೇಳಿಸ್ತದೆ?

ಊಟದ ಡಬ್ಬಿ ತಂದ ಮೊಮ್ಮಗಳು ನೆಲ ನೋಡಿ ನಿಂತಳು.
'ತಾತಾ, ಎಲ್ಲಾ ಕಡೆ ಕೆಂಪು ಹೆಜ್ಜೆ.'
ಬಲಗಾಲಿನ ಹಿಮ್ಮಡಿಯೊಳಗೆ
ಹದಿನೆಂಟನೇ ನಂಬರಿನ ಸೂಜಿ, ಮುರಿದರ್ಧ.
ಎಷ್ಟೊತ್ತಿನಿಂದ ತುಳೀತಿದ್ದೆನೋ.
ನೋವಿಲ್ಲ.
ಆ ನೋವಿಲ್ಲದ್ದೇ ನನ್ನ ಕೂರಿಸಿಬಿಡ್ತು.

ಯಾಕಂದ್ರೆ ಅಪ್ಪನ ಕಾಲೂ
ನೋವಿಲ್ಲ ನೋವಿಲ್ಲ ಅಂತಲೇ ಹೋಗಿತ್ತು.
ಮೊದಲು ಬೆರಳು, ಆಮೇಲೆ ಪಾದ,
ಆಮೇಲೆ ಮೊಣಕಾಲಿನ ಮೇಲಕ್ಕೆ.
ದೊಡ್ಡಾಸ್ಪತ್ರೆಯಿಂದ ಮನೆಗೆ ಬಂದ ವಾರ
ಅವನ ಪೈಜಾಮ ನಾನೇ ಕತ್ತರಿಸಿದೆ.
ಒಂದು ಕಾಲು ಮೂವತ್ತೊಂಬತ್ತು ಇಂಚು,
ಇನ್ನೊಂದು ಇಪ್ಪತ್ತೆರಡು.
ಅಂಥ ಅಳತೆ ಯಾವ ಚಾರ್ಟಿನಲ್ಲೂ ಇಲ್ಲ.
ಉಳಿದ ತುಂಡು ಏನು ಮಾಡಿದೆನೋ, ಇವತ್ತಿಗೂ ನೆನಪಿಲ್ಲ.

ಆಶಾ ಹುಲಿಗೆಮ್ಮ ಬೆರಳು ಚುಚ್ಚಿದಳು.
ಮುನ್ನೂರ ಹನ್ನೆರಡು.
ನಂಬರಿನಾಗೇ ಬಾಳಿದ ಮನುಷ್ಯ ನಾನು,
ಇದು ಯಾರ ಅಳತೆ ಅಂತ ತಿಳೀಲಿಲ್ಲ.
'ವಾಸಿಯಾಗೋದಲ್ಲ ಮಾಸ್ತರೇ, ಪಳಗೋದು.
ಗುಳಿಗೆ ತಪ್ಪಿಸಬ್ಯಾಡ್ರಿ, ಅನ್ನ ಅರ್ಧಕ್ಕಿಳಿಸ್ರಿ, ನಡೀರಿ.
ಬರಿಗಾಲಲ್ಲಿ ಮಾತ್ರ ಬ್ಯಾಡ.
ರಾತ್ರಿ ಮುಖ ನೋಡ್ಕೊಂಡಂಗೆ ಅಂಗಾಲು ನೋಡ್ಕೊಳ್ರಿ.'

ಶೆಡ್ಡಿನ ಒಡಕು ಕನ್ನಡಿ ಮನೆಗೆ ತಂದೆ.
ನೆಲದ ಮೇಲಿಟ್ಟು ಕಾಲೆತ್ತಿದ್ರೆ
ಐವತ್ತೆಂಟು ವರ್ಷ ನನ್ನ ಹೊತ್ತವು ಇವೇ ಏನು?
ಬೇಸಿಗೆ ಎರೆಹೊಲದಂಗೆ ಬಿರುಕು ಬಿರುಕು.
'ನಿಖಾ ದಿನಾನೂ ಹಿಂಗೆ ಕನ್ನಡಿ ನೋಡಿರಲಿಲ್ಲ ನೀವು'
ಅಂತ ಖಮರುನ್ನಿ ನಕ್ಕಳು, ನಗುತ್ತಲೇ
ಕೊಬ್ಬರೆಣ್ಣೆ ಹಚ್ಚಿದಳು,
ಹುಲಿಗೆಮ್ಮ ಹೇಳಿದಂಗೆ ಬೆರಳ ಸಂದಿ ಬಿಟ್ಟು.

ಬಿಸಿಲಿಗಿಂತ ಮುಂಚೆ ಎದ್ದು ನಡೀಬೇಕು ಈ ಊರಾಗೆ.
ಐದಕ್ಕೂ ಬಂಡೆಗುಡ್ಡ
ನಿನ್ನೆಯ ಕಾವು ಬಿಡ್ತಿರ್ತದೆ, ಆರಿಸಿ ಮರೆತ ಒಲೆಯಂಗೆ.
ಮೊದಲ ದಿನ ಒಂಬತ್ತು ಕರೆಂಟ್ ಕಂಬಕ್ಕೇ ಕೂತೆ.
ಈಗ ಕಂಬ ಎಣಿಸಲ್ಲ,
ಎದುರು ಬರೋರ ನಡು ನೋಡ್ತೀನಿ, ಚಟ.
ನಲವತ್ತೆರಡರ ಕಿರಾಣಿ ಸಾವ್ಕಾರ, ನಲವತ್ತರ ಪೊಲೀಸಪ್ಪ.
ಏದುಸಿರಿನಲ್ಲಿ ಎಲ್ಲರದೂ ಒಂದೇ ಸೈಜು.

ಸಂತನಾಗಿಲ್ಲ.
ನವಣಕ್ಕಿ ಅನ್ನ ಮೊದಲ ವಾರ ಮರಳು ಮುಕ್ಕಿದಂಗಿತ್ತು;
ಪುಂಡಿಪಲ್ಯೆ ಕೈ ಹಿಡಿದು ನಡೆಸ್ತು.
ಈದಿನ ಸುರಕುಂಬಾ ಒಂದೇ ಚಮಚ ಅಂದವನು
ಬಟ್ಟಲು ನೆಕ್ಕಿದೆ.
ಮಾರನೇ ದಿನ ಒಂದು ಹನಿ ರಕ್ತ ಚಾಡಿ ಹೇಳ್ತು.
ಹುಲಿಗೆಮ್ಮ ಬೈಲಿಲ್ಲ, ಬರಕೊಂಡು ಹೋದಳು.
ಸೂಜಿಗಿಂತ ಅದೇ ಚುಚ್ತು.

ಬಕ್ರೀದಿನ ಹೊತ್ತಿಗೆ ಪ್ಯಾಂಟು ಜಾರೋಕೆ ಶುರುವಾತು.
ಹೊಲಿಗೆ ಬಿಚ್ಚಿ ನಡು ಎರಡಿಂಚು ಒಳಗೆ ಹಿಡಿದೆ.
ಕೆಲಸ ಕಲಿಯೋ ಹುಡುಗ ಗಾದಿಲಿಂಗ ಕತ್ತರಿ ಎತ್ತಿದ:
'ಮಿಕ್ಕಿದ್ದು ಕತ್ತರಿಸಲೇನ್ರಿ?'
ಬ್ಯಾಡ, ಒಳಗಿರಲಿ ಅಂದೆ.
ಮೈ ಅನ್ನೋದು
ಮಾತು ಕೊಟ್ಟು ಮರೆಯೋ ಗಿರಾಕಿ.

ದಿನಾ ನಸುಕಿನಾಗೆ
ಆ ಮಡಿಕೆ ಸೊಂಟಕ್ಕೆ ಒತ್ತಿದಾಗ
ಬಾಗಿ ಷೂ ಹಾಕ್ಕೊಳ್ತೀನಿ.
ಎರಡೂ ಕಾಲಿಗೆ.